ಅಮ್ಮ ಒಳಗೆ ಉಳಿಸಿದ್ದ ಬಟ್ಟೆ

"ಹಲೋ… ಯಾರು ಮಾತಾಡೋದು? ಕನ್ನಡಕ ಎಲ್ಲೋ ಇಟ್ಟಿದೀನಿ, ಹೆಸರು ಕಾಣಿಸ್ಲಿಲ್ಲ… ಓ, ಸೋಲ್‌ಫ್ರಿಡ್! ಏನೇ ಅದು ಗರಗರ ಸದ್ದು? ಓವರ್‌ಲಾಕ್ ಮಷಿನ್ ತಂದೇಬಿಟ್ಯಾ?"

ಟೋರುನ್ ಒಲೆ ಆರಿಸಿ ಕುರ್ಚಿ ಎಳೆದುಕೊಂಡಳು. ತಂಗಿ ತಾನಾಗಿ ಫೋನ್ ಮಾಡುವುದೇ ಅಪರೂಪ. ಬಟ್ಟೆಯ ಅಂಚು ಹೊಲಿಯಲು ಯಾವ ಮಷಿನ್ ಕೊಳ್ಳಲಿ ಎಂದು ಹೋದ ತಿಂಗಳು ಕೇಳಿದ್ದಳು. ಹೇಳಿದ್ದು ಸರಿಯೋ ತಪ್ಪೋ ಎಂದು ಟೋರುನ್ ಆಮೇಲೆ ನಿದ್ದೆಗೆಟ್ಟಿದ್ದಳು.

"… ಹಾಂ, ನಾಲ್ಕು ದಾರದ್ದೇ ತಾನೇ? ಒಳ್ಳೇದಾಯ್ತು. ಮೂರು ದಾರದ್ದು ಅಗ್ಗ, ಆದ್ರೆ ಎಳೆದ್ರೆ ಹೊಲಿಗೆ ಬಾಯಿ ಬಿಡುತ್ತೆ."

"… ದಾರ ತುಂಡಾಗ್ತಿದ್ಯಾ? ಪೋಣಿಸಿರೋ ಕ್ರಮ ತಪ್ಪಿರುತ್ತೆ. ಕೊಕ್ಕೆಗಳಿಗೆ ಮೊದಲು, ಸೂಜಿಗಳಿಗೆ ಕೊನೆಗೆ. ಬಟ್ಟೆ ಒತ್ತಿ ಹಿಡಿಯೋ ಪಾದ ಎತ್ತಿಟ್ಟು ಪೋಣಿಸು… ಅಲ್ಲ, ಗಂಟು ಹಾಕ್ಬೇಡ, ಎಲ್ಲಾ ಕಿತ್ತು ಮೊದಲಿಂದ ಶುರು ಮಾಡು. ನಾನೂ ಮೊದಲ ವಾರ ಅತ್ತಿದೀನಿ ಕಣೇ."

"… ಬಲಗಡೆ ಬ್ಲೇಡ್ ಇದೆಯಲ್ಲ, ಅದರ ಮೇಲೆ ಕಣ್ಣಿಡು. ಹೊಲೀತಾನೇ ಅಂಚು ಕತ್ತರಿಸ್ಕೊಂಡು ಹೋಗುತ್ತೆ, ಹೋದದ್ದು ಹೋಯ್ತು. ಮೊದಲು ಚಿಂದಿ ಮೇಲೆ… ಏನು? ಚಿಂದಿ ಅಲ್ವಾ? ಮತ್ತೇನು ಹೊಲೀತಿದೀಯ?"

"… ಉಣ್ಣೆ. ಹಾಂ. ಯಾವ ಬಣ್ಣದ್ದು?"

"… ಕೆಂಪು ಉಣ್ಣೆ ನಿನ್ನ ಹತ್ರ ಎಲ್ಲಿಂದ ಬಂತು, ಸೋಲ್‌ಫ್ರಿಡ್?"

ಕೇಳುವಾಗಲೇ ಗೊತ್ತಿತ್ತು. ಅದು ಅಮ್ಮನ ಬುನಾದ್. ನಾರ್ವೆಯಲ್ಲಿ ಹಬ್ಬಕ್ಕೆ, ಮದುವೆಗೆ ತೊಡುವ ಕಪ್ಪು ಲಂಗ, ಕೆಂಪು ರವಿಕೆ. ಮೇ ತಿಂಗಳಲ್ಲಿ ಸೋಲ್‌ಫ್ರಿಡ್‌ಳ ಮಗಳು ತೂವಾ ಚರ್ಚಿನ ದೃಢೀಕರಣ ಸಂಸ್ಕಾರಕ್ಕೆ ತೊಡುವುದು, ಆಗಸ್ಟಿನಲ್ಲಿ ತನ್ನ ಮಗ ಎರ್ಲಿಂಗನ ಮದುವೆಗೆ ಟೋರುನ್ ತೊಡುವುದು ಎಂದು ಮಾತಾಗಿತ್ತು. ರವಿಕೆಯ ಪಕ್ಕದ ಹೊಲಿಗೆಗಳೊಳಗೆ ಬಟ್ಟೆ ಅಗಲವಾಗಿ ಬಿಟ್ಟಿದ್ದರಿಂದಲೇ ಅದು ಸಪೂರ ಹುಡುಗಿಗೂ ಆಗುತ್ತಿತ್ತು, ಮೈತುಂಬಿದ ದೊಡ್ಡಮ್ಮನಿಗೂ ಆಗುತ್ತಿತ್ತು.

"… ತೂವಾಗೆ ಹಿಡಿದು ಹೊಲಿದ್ಯಾ? ಸರಿ, ಅದಕ್ಕೆ ನಾನೂ ಒಪ್ಪಿದ್ದೆ. ಆಮೇಲೆ?"

"… ಒಳಗಡೆ ಒರಟಾಗಿ ಕಾಣ್ತಿತ್ತಾ? ಅದಕ್ಕೆ ಅಂಚಿಗೆಲ್ಲಾ ಓವರ್‌ಲಾಕ್ ಹೊಡೆದ್ಯಾ? ಬ್ಲೇಡ್ ತಪ್ಪಿಸಿ ತಾನೇ? ಸೋಲ್‌ಫ್ರಿಡ್, ಬ್ಲೇಡ್ ತಪ್ಪಿಸಿ ಹೊಡೆದೆ ತಾನೇ?"

"… ಎಷ್ಟಗಲ ಹೋಯ್ತು?"

"… ಎರಡು ಬೆರಳು. ಎರಡೂ ಕಡೆ."

ಟೋರುನ್‌ಳ ಕೈ ತಾನಾಗಿ ಪಕ್ಕೆಯ ಮೇಲೆ ಹೋಯಿತು.

"… ಅದು ಒರಟಲ್ಲ ಕಣೇ. ಅಜ್ಜಿ ಬಿಟ್ಟಿದ್ದು, ಅಮ್ಮ ಕಾಪಾಡಿದ್ದು. ನಿನ್ನ ದೀಕ್ಷಾಸ್ನಾನಕ್ಕೆ ಅಮ್ಮ ಅದನ್ನೇ ಬಿಚ್ಚಿ ಅಗಲ ಮಾಡಿ ಹಾಕ್ಕೊಂಡಿದ್ಲು. ಅವಳಿಗೆ ಅಂಚು ಹೊಲಿಯೋಕೆ ಬರ್ತಿರ್ಲಿಲ್ಲ ಅಂದ್ಕೊಂಡ್ಯಾ? ಸೋಮಾರಿ ಅಂದ್ಕೊಂಡ್ಯಾ?"

"… ಬಿಡು, ಬೇಕಂತ ಮಾಡಿಲ್ಲ ಅಂತ ಗೊತ್ತು. ನಂದೇ ತಪ್ಪಿರ್ಬಹುದು, ಬ್ಲೇಡ್ ವಿಷಯ ಆವತ್ತೇ ಒತ್ತಿ ಹೇಳ್ಬೇಕಿತ್ತು. ಕತ್ತರಿಸಿದ ಪಟ್ಟಿಗಳೆಲ್ಲಿ? ಕಂಕುಳ ಕೆಳಗೆ ಜೋಡಿಸಿದ್ರೆ ಯಾರಿಗೂ ಕಾಣಲ್ಲ."

"… ಒಲೆಗೆ ಹಾಕಿದ್ಯಾ? ನಿನ್ನೇನೇ? ಉಣ್ಣೇನ ಒಲೆಗೆ ಯಾರಾದ್ರೂ ಹಾಕ್ತಾರೇನೇ, ಮನೆಯೆಲ್ಲಾ ನಾರುತ್ತೆ… ನಿನ್ನೆ ಮುಗಿಸಿ, ಇವತ್ತು ದಾರ ತುಂಡಾಯ್ತು ಅಂತ ಫೋನಾ?"

"… ಹಾಂ, ಬಾಡಿಗೆಗೆ ಸಿಗುತ್ತೆ. ಸಿಗದೆ ಏನು? ಮಗನ ಮದುವೇಲಿ ಬೀಗರ ಮುಂದೆ ಯಾರದೋ ರವಿಕೆ ಹಾಕ್ಕೊಂಡು ನಿಲ್ತೀನಿ. ಅಂಗಡಿ ಕೂಡ ವಿಚಾರಿಸಿಟ್ಟಿದೀಯಲ್ಲ, ದೊಡ್ಡ ಉಪಕಾರ."

"… ಯಾರು, ತೂವಾನಾ? ಬೇಡ, ಈಗ ಬೇಡ ಕಣೇ… ಹಾಂ, ತೂವಾ. ಹೇಳಮ್ಮಾ."

ಹುಡುಗಿಗೆ ಏನೂ ತಿಳಿಯಬಾರದು.

"… ಹಾಕಿ ನೋಡಿದ್ಯಾ? ಚೆನ್ನಾಗಿ ಕೂತಿದ್ಯಾ? ಹಾಂ, ಕೆಂಪು ನಿನಗೆ ಒಪ್ಪುತ್ತೆ. ನಿನ್ನ ಅಜ್ಜಿಗೂ ಒಪ್ತಿತ್ತು."

"… ಥ್ಯಾಂಕ್ಸ್ ಯಾಕೆ, ಪುಟ್ಟಾ? ನಾನೇನು ಕೊಟ್ಟೆ?"

"… ದೊಡ್ಡಮ್ಮ ಇನ್ಮೇಲೆ ಹಾಕ್ಕೊಳ್ಳಲ್ಲ, ನಿನಗೇ ಬಿಟ್ಕೊಟ್ಟಿದಾಳೆ ಅಂತ ಅಮ್ಮ ಹೇಳಿದ್ಲಾ? ಯಾವಾಗ?"

"… ಕ್ರಿಸ್‌ಮಸ್‌ಗೇನಾ? ಮಷಿನ್ ತರೋ ಮುಂಚೆ?"

ಆ ಕಡೆ ತೂವಾ ಬೂಟಿನ ಬೆಳ್ಳಿ ಬಕಲಿನ ವಿಷಯ ಖುಷಿಯಾಗಿ ಹೇಳುತ್ತಲೇ ಇದ್ದಳು.

"… ಇಲ್ಲಮ್ಮಾ, ಬೇಜಾರೇನಿಲ್ಲ. ಹೌದು, ನಿನಗೇ. ಚೆನ್ನಾಗಿ ಹಾಕ್ಕೋ. ಈಗ ಫೋನ್ ಅಮ್ಮನ ಕೈಗೆ ಕೊಡು."

"… ಕೈ ಬಿಡುವಿಲ್ವಂತಾ? ಕೊಡು ಅಂದೆ, ತೂವಾ."

"… ಸೋಲ್‌ಫ್ರಿಡ್? ಮಾತಾಡ್ಬೇಡ, ಕೇಳು ಅಷ್ಟೇ. ನೀನು ಬಾಯಿಬಿಟ್ಟು ಕೇಳಿದ್ದಿದ್ರೆ ಕೊಡ್ತಿದ್ನೋ ಏನೋ, ನನಗೇ ಗೊತ್ತಿಲ್ಲ. ಕೊಡ್ತಿರ್ಲಿಲ್ಲವೇನೋ. ಆದ್ರೆ ಇಲ್ಲ ಅನ್ನೋಕೆ ನನಗೊಂದು ಅವಕಾಶ ಕೊಡ್ಬೇಕಿತ್ತು ಕಣೇ, ನಾನು ನಿನ್ನ ಅಕ್ಕ, ನಿನ್ನ ಸ್ವಂತ ಅ…"

ಆ ಕಡೆಯಿಂದ ಫೋನ್ ಕಟ್ಟಾಗಿತ್ತು.