ತವರಿನ ಸೀರೆ

ಗದಗ ಬಸ್ ನಿಲ್ದಾಣದಲ್ಲಿ ಲಕ್ಷ್ಮೇಶ್ವರದ ಬಸ್ಸಿಗೆ ಕಾಯುತ್ತ ದೇವವ್ವ ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಪಕ್ಕದಲ್ಲಿ ಹೆಂಡತಿಯೊಂದಿಗೆ ಕೂತಿದ್ದ ಉಳವಪ್ಪನ ತಂಗಿ, ಸಿನಿಮಾ ನಟಿ ಕಾಂಚನಾ, ಲಕ್ಷ್ಮೇಶ್ವರದಲ್ಲಿ ತೀರಿಕೊಂಡಿದ್ದಳು. ಹೆಣಕ್ಕೆ ಹೊದಿಸುವ ತವರಿನ ಸೀರೆ ಅವನ ತೊಡೆಯ ಮೇಲಿತ್ತು.

ಅವನ ಹೆಂಡತಿ ಕೇಳಿದಳು, “ಪ್ರಶಸ್ತಿಗೆ ಹೆಸರು ಬಂದಾಗೆಲ್ಲಾ ‘ಅಣ್ಣಾ ಬಾ’ ಅಂತಿದ್ಲು. ಒಮ್ಮೆರ ಹೋದ್ರೇನ್ರಿ?”

“ಬಣ್ಣ ಹಚ್ಚಿದಾಕಿ ಅಂತ ಅಪ್ಪ ಹೊಸ್ತಿಲಾ ತುಳಿಯಾಕ ಬಿಡಲಿಲ್ಲ. ನಾ ಹೆಂಗ ಹೋಗ್ಲಿ?”

“ಅಪ್ಪ ಸತ್ತು ಹತ್ತು ವರ್ಷಾತು. ಆಮ್ಯಾಲೆ ನಿಮ್ಮ ಕಾಲು ಯಾರು ಕಟ್ಟಿಹಾಕಿದ್ರು?”

“ಈಗ ಹೊಂಟೀನಲ್ಲ!”

“ಆಕಿ ಪಡದೆ ಮ್ಯಾಲೆ ಅತ್ರ ಡಂಬಳದ ಕೆರಿ ಕೋಡಿ ಬೀಳತಿತ್ತು. ನಿಮ್ಮ ಕಣ್ಣಾಗ ಒಂದ್ ಹನಿ ಇಲ್ಲ.”

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಮಾತು ಮುಗಿಸಿ ಕಿಸೆಗಿಟ್ಟ.

“ಏನಂತ್ರೀ?”

“ಮಣ್ಣಾತಂತ. ತವರಿಂದ ಯಾರೂ ಬರಲಿಲ್ಲಂತ, ಪ್ರಶಸ್ತಿ ಕೊಟ್ಟಾಗ ಹಾಕಿದ ಶಾಲನ್ನ ಹೊದಿಸಿ ಕಳಿಸ್ಯಾರ.”

ಲಕ್ಷ್ಮೇಶ್ವರದ ಬಸ್ಸು ಬಂದು ನಿಂತಿತು. ದೇವವ್ವ ಹತ್ತಿ ಕಿಟಕಿಯಿಂದ ನೋಡಿದಳು. ಗಂಡ ಹೆಂಡತಿ ತಮ್ಮೂರು ಹೊಂಬಳದ ಬಸ್ಸಿನ ಕಡೆಗೆ ನಡೆದಿದ್ದರು.