ಟೀಚರಿಗೆ ಬಂದ ಸೊನ್ನೆ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಅಕ್ಕ ತಂಗಿಯರಿಬ್ಬರು ಕೂತಿದ್ದರು. ತಂಗಿ ಶಾಲೆಯ ಟೀಚರು. ಅವರ ಮುಂದಿನ ಹಲ್ಲೊಂದು ಬಿದ್ದುಹೋಗಿತ್ತು.

“ಕ್ಲಾಸಿನ ಕಂಪ್ಯೂಟರಿಗೆ ಎರಡು ಹೊಸ ಸಾಫ್ಟ್‌ವೇರ್ ಹಾಕಿದಾರೆ ಅಕ್ಕ. ಲೆಕ್ಕದ್ದು ಪಾಪ, ಸಾಧು. ಓದಿಸೋದಿದೆಯಲ್ಲ, ಅದು ಮಹಾ ಕಿಲಾಡಿ. ನಾವು ಗಟ್ಟಿಯಾಗಿ ಓದಿದ್ದನ್ನ ಕೇಳಿಸ್ಕೊಂಡು ಮಾರ್ಕ್ಸ್ ಕೊಡುತ್ತೆ.”

“ಮಕ್ಕಳಿಗೆ ತಾನೇ?”

“ಮೊದಲು ನಾನೇ ಓದಿ ತೋರಿಸ್ದೆ. ‘ಸಕ್ಕರೆ’ ಅಂದ್ರೆ ಬಾಯಿಂದ ಬರೀ ಗಾಳಿ! ಹತ್ತಕ್ಕೆ ಸೊನ್ನೆ ಕೊಡ್ತು.”

“ಅಯ್ಯೋ, ಮಾನ ಹೋಯ್ತಲ್ಲೇ!”

“ಮಕ್ಕಳೆಲ್ಲ ಬಿದ್ದೂ ಬಿದ್ದೂ ನಕ್ರು. ಆಗ ಆ ಮೂಲೆ ಹುಡುಗಿ ಎದ್ದು ಬಂದ್ಲು.”

“ಮಾತು ತೊದಲುತ್ತೆ ಅಂತ ಕ್ಲಾಸಲ್ಲಿ ಬಾಯೇ ಬಿಡಲ್ಲ ಅಂತಿದ್ದೆಯಲ್ಲ, ಅವಳಾ?”

“ಅವಳೇ! ‘ನಿಧಾನಕ್ಕೆ ಹೇಳಿ ಮಿಸ್, ನಾನು ಹೇಳ್ಕೊಡ್ತೀನಿ’ ಅಂತ ಒಂದೊಂದೇ ಪದ ಓದಿದ್ಲು. ಅವಳಿಗೆ ನಾಲ್ಕು ಬಂತು. ಅವತ್ತಿಂದ ದಿನಾ ನಂಗೆ ಅವಳೇ ಮೇಷ್ಟ್ರು. ನಿನ್ನೆ ಅವಳಿಗೆ ಆರು, ನಂಗೆ ಒಂದು.”

ಅಕ್ಕ ಜೋರಾಗಿ ನಕ್ಕು, ಆಮೇಲೆ ಕೇಳಿದರು: “ಇವತ್ತು ಹಲ್ಲು ಕಟ್ಟಿಸ್ಕೊಂಡ್ರೆ ಅವಳು ಯಾರಿಗೆ ಹೇಳ್ಕೊಡ್ತಾಳೆ?”

ಅಷ್ಟರಲ್ಲಿ ನರ್ಸು ಟೀಚರ ನಂಬರ್ ಕೂಗಿದರು.

“ಸಿಸ್ಟರ್, ನಾನು ಮುಂದಿನ ತಿಂಗಳು ಬರ್ತೀನಿ. ಇವರನ್ನ ಒಳಗೆ ಕಳಿಸಿ,” ಎಂದು ನನ್ನನ್ನು ತೋರಿಸಿ, ಬಾಯ್ತುಂಬ ನಗುತ್ತ ಅಕ್ಕನ ಕೈ ಹಿಡಿದುಕೊಂಡು ಹೊರಟೇಹೋದರು.