ಚಿತ್ರದಲ್ಲಿ ಖಾಲಿ ಗುಡ್ಡ

"ಹಲೋ... ಯಾರು ಮಾತಾಡ್ತಿರೋದು?... ಅಣ್ಣಾನಾ? ಅಮ್ಮನ ಫೋನು ನಿನ್ನ ಕೈಗೆ ಹೇಗ್ ಬಂತು?... ಪಂಕ್ಚರ್ ಅಂಗಡಿ ಮುಚ್ಚಿ ಬಂದ್ಯಾ? ಹಾಡಹಗಲೇ?..."

ಅವನು ಕಾಲೇಜಿನ ಕಂಪ್ಯೂಟರ್ ಕೋಣೆಯಿಂದ ಹೊರಬಂದು ಮೆಟ್ಟಿಲ ತಿರುವಿನಲ್ಲಿ ನಿಂತಿದ್ದ. ಆರ್ಕಿಟೆಕ್ಚರ್ ಓದಿನ ಕೊನೆಯ ವರ್ಷ. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಗೊತ್ತಿಲ್ಲದಿದ್ದರೂ, ಪರದೆಯ ಮೇಲೆ ಬಂಡೆಗೂ ಗೋಡೆಗೂ ನಂಟು ಹಾಕುವುದರಲ್ಲಿ ಎತ್ತಿದ ಕೈ. ಗೆಳೆಯರು ಬೆನ್ನು ತಟ್ಟಿ ತಟ್ಟಿ ಕಳಿಸಿದ್ದರು. ಮುಖ ಊರಗಲವಾಗಿತ್ತು.

"ಇರು, ಮೊದಲು ನಾನು ಹೇಳ್ತೀನಿ. ನನ್ನ ಪ್ರಾಜೆಕ್ಟ್ ಇತ್ತಲ್ಲ, ಗುಡ್ಡದ್ದು... ಹಾಂ, ಅದೇ, ಬಂಡೆ ಒಳಗೇ ಹೊಕ್ಕಂಗಿರೋ ಅತಿಥಿಗೃಹ. ಮಾಡಿನ ಮೇಲೆ ಹುಲ್ಲು, ಅಂಗಳದಲ್ಲೇ ತೊರೆ. ಪ್ರದರ್ಶನದಲ್ಲಿ ಯಾರೋ ದೊಡ್ಡವರು ನೋಡಿದ್ರಂತೆ. ನಿಜವಾಗ್ಲೂ ಕಟ್ಟಿಸ್ತಾರಂತೆ ಅಣ್ಣ! ಮೇಷ್ಟ್ರು ಈಗ ತಾನೇ..."

"...ಗೊತ್ತಾ? ನಿನಗೆ ಹೇಗ್ ಗೊತ್ತು?"

"...ಯಾರು ಬಂದಿದ್ದಾರೆ? ಮನೆಗಾ?... ಧಣಿಗಳು ಅಂದ್ರೆ, ಜಾಗದ ಧಣಿಗಳಾ?..."

ಅಪ್ಪ ಆ ಧಣಿಗಳ ಗುಡ್ಡ ಕಾಯುತ್ತಿದ್ದ. 'ಇಲ್ಲೇ ಇದ್ದುಬಿಡು' ಎಂದು ಅವರು ಆಡಿದ್ದ ಒಂದು ಮಾತಿನ ಮೇಲೆ ಮನೆ ನಿಂತಿತ್ತು. ಅಪ್ಪ ಸತ್ತ ಮೇಲೂ ಯಾರೂ ಏಳಿ ಅನ್ನಲಿಲ್ಲ. ಧಣಿಗಳಿಗೆ ತಮಗೊಂದು ಗುಡ್ಡ ಇರುವುದೇ ಮರೆತಂತಿತ್ತು.

"...ಕೈಯಲ್ಲಿ ಏನ್ ಹಿಡ್ಕೊಂಡು?... ನನ್ನ ಚಿತ್ರಾನಾ? ಕಟ್ಟಿಸ್ತೀನಿ ಅಂದೋರು ಅವರೇನಾ?"

"...ಕೇಳಿಸ್ತಿದೆ. ಹೇಳು."

"...ಟೇಪಿನ ತುದಿ ಹಿಡ್ಕೊಳ್ಳಮ್ಮ ಅಂದ್ರಾ? ಅಮ್ಮ ಹಿಡ್ಕೊಂಡ್ಲಾ?... ಅಯ್ಯೋ, ಏನಳೀತಿದ್ದಾರೆ ಅಂತಾದ್ರೂ ಕೇಳಬಾರದಾ ಅವಳು?"

"...ತಿಂಗಳೊಳಗೆ ಖಾಲಿ ಮಾಡ್ಬೇಕು... ಹಾಂ. ಚಿತ್ರದಲ್ಲಿ ಮನೆ ಇಲ್ವಲ್ಲ, ಅದಕ್ಕೆ. ಹಾಂ..."

ಅವನು ಮೆಟ್ಟಿಲ ಮೇಲೆ ಕುಕ್ಕರಿಸಿದ. ಗುಡ್ಡವನ್ನು ಮೇಲಿನಿಂದ ತೆಗೆದ ಫೋಟೋದಲ್ಲಿ ತೊರೆಯಿತ್ತು, ಬಂಡೆಯಿತ್ತು, ಎರಡರ ನಡುವೆ ಹಲ್ಲಿಗೆ ಸಿಕ್ಕ ನಾರಿನಂತೆ ಮನೆಯೂ ಇತ್ತು: ತಗಡಿನ ಮಾಡು, ಗಾಳಿಗೆ ಅದು ಹಾರದಂತೆ ಅಣ್ಣ ಹೇರಿದ್ದ ಸವೆದ ಟೈರುಗಳು, ಹಗ್ಗದ ಮೇಲೆ ಅಮ್ಮನ ಕೆಂಪು ಹೊದಿಕೆ. ಕಂಪ್ಯೂಟರಿನಲ್ಲಿ ಪಕ್ಕದ ಹುಲ್ಲನ್ನೇ ಎತ್ತಿ ಎತ್ತಿ ತಂದು ಮನೆಯ ಮೇಲೆ ಸುಣ್ಣ ಬಳಿದ ಹಾಗೆ ಬಳಿದಿದ್ದ. ಚಹಾ ಆರುವಷ್ಟರಲ್ಲಿ ಮನೆ ಹೋಗಿತ್ತು. ಹೊದಿಕೆಯ ಕೆಂಪು ಮಾತ್ರ ಒಂದು ಚೂರು ಉಳಿದುಕೊಂಡಿತ್ತು. ಅದನ್ನು ಹೂವು ಮಾಡಿದ್ದ.

"...ಬೈಯಿ ಅಣ್ಣ, ಎಷ್ಟು ಬೇಕಾದ್ರೂ ಬೈಯಿ. ಆದ್ರೆ ಸ್ವಲ್ಪ ಕೇಳು. ಎಲ್ಲರೂ ಹಂಗೇ ಮಾಡೋದು. ಮೊದಲು ಫೋಟೋದಲ್ಲಿ ಜಾಗ ಚೊಕ್ಕ ಮಾಡ್ಕೋತೀವಿ. ಕರೆಂಟ್ ಕಂಬ, ಕಸದ ರಾಶಿ... ಇಲ್ಲ! ನಿಮ್ಮನ್ನ ಕಸ ಅಂದಿಲ್ಲ. ಅಂದ್ನಾ ನಾನು?... ಅಣ್ಣ, ಅಂದ್ನಾ?"

"...ಏನಂದೆ?... ಟೈರಿನ ತೂತು ಮುಚ್ಚೋನು ನೀನು, ಹೆತ್ತವಳ ಮನೇನೇ ಮುಚ್ಚೋನು ನಾನು. ಸರಿ. ಅನ್ನಿಸ್ಕೋಬೇಕಾದ್ದೇ... ನಗ್ತಿಲ್ಲ. ಇದು ನಗು ಅಲ್ಲ ಅಣ್ಣ."

"...ಹೌದು, ನಾಚಿಕೆ ಆಯ್ತು. ಕ್ಲಾಸಲ್ಲಿ ಎಲ್ಲರ ಮುಂದೆ ಆ ಫೋಟೋ ಗೋಡೆ ತುಂಬ ಹಾಕಿದ್ರು. ಆ ತಗಡು ಯಾರದ್ದು ಅಂತ ಮೇಷ್ಟ್ರು ಕೇಳಿದ್ರು... ಗೊತ್ತಿಲ್ಲ ಅಂದೆ."

"...ಅಣ್ಣ? ಇದ್ದೀಯಾ?"

 

"...ಅಮ್ಮ ಏನಂದ್ಲು?... ಇನ್ನೊಂದ್ಸಲ ಹೇಳು... 'ನನ್ನ ಮಗನೇ ಬರೆದಿದ್ದು ಸ್ವಾಮಿ, ನಮ್ಮನ್ನ ಬಿಟ್ಟು ಬರೀತಾನಾ ಅವನು' ಅಂತ?... ಆ ದೊಡ್ಡ ಮರದ ಹಿಂದೆ ನಮ್ಮ ಮನೆ ಉಳಿಸಿದ್ದಾನೆ, ಎಲೆ ಅಡ್ಡ ಬಂದು ಕಾಣ್ತಿಲ್ಲ ಅಂತ?... ಧಣಿಗಳ ಮುಂದೆನೇ?"

ಆ ಮರದ ಹಿಂದೆ ಏನೂ ಇರಲಿಲ್ಲ. ಮರವೇ ಆ ಗುಡ್ಡದ್ದಲ್ಲ. ಬೇರೆ ಯಾವುದೋ ಫೋಟೋದಿಂದ ಕಿತ್ತು ತಂದು ನೆಟ್ಟದ್ದು.

"...ಬೇಡ, ಅವಳಿಗೆ ಕೊಡ್ಬೇಡ. ಕೈ ಮುಗೀತೀನಿ ಅಣ್ಣ, ಅಮ್ಮನಿಗೆ ಕೊಡ್... ಅಮ್ಮಾ. ಹಾಂ, ನಾನೇ... ಊಟ ಆಯ್ತು. ಆಗ್ಲೇ ಆಯ್ತಮ್ಮ... ಚೆನ್ನಾಗಿದೆಯಾ? ಚಿತ್ರಾನಾ?... ಯಾವ ಹೂವು? ಆ ಕೆಂಪು ಹೂವಾ... ಅಮ್ಮ, ಅದರ ವಿಷಯ ಬಿಡು."

"...ಧಣಿಗಳು ಪಕ್ಕದಲ್ಲೇ ಇದ್ದಾರಾ? ಮರದ ಹಿಂದೆ ಮನೆ ಇದೆ ಅಂತ ನನ್ನ ಬಾಯಲ್ಲೇ ಹೇಳ್ಬೇಕಾ?... ನೀನು ಹೇಳಿದ್ರೆ ನಂಬಲ್ವಾ? ಓದಿದೋನ ಮಾತು ನಂಬ್ತಾರಾ..."

ಹೂಂ ಅಂದುಬಿಟ್ಟರೆ ಅಮ್ಮನ ಮಾತೂ ಉಳಿಯುತ್ತಿತ್ತು, ಅವನ ಕಟ್ಟಡವೂ ಉಳಿಯುತ್ತಿತ್ತು. ನಾಳೆ ಗುಡ್ಡ ಅಗೆಯುವ ಯಂತ್ರ ಬಂದು ನಿಂತಾಗ ಮನೆಯೊಂದೇ ಉಳಿಯುತ್ತಿರಲಿಲ್ಲ. 'ಫೋನು ಅವರಿಗೇ ಕೊಡಮ್ಮ' ಅಂದ.

"ನಮಸ್ಕಾರ ಸರ್... ಹೌದು, ನಾನೇ ಬರೆದಿದ್ದು... ನಿಮ್ಮ ದೊಡ್ಡತನ ಸರ್... ಇಲ್ಲ. ಇಲ್ಲ ಸರ್, ಮರದ ಹಿಂದೆ ಏನೂ ಇಲ್ಲ. ಅಮ್ಮ ನನ್ನ ಮರ್ಯಾದೆ ಉಳಿಸೋಕೆ ಹಂಗಂದಿದ್ದು."

"...ಗೊತ್ತಿತ್ತು ಸರ್. ಅಲ್ಲಿ ಮನೆ ಇದೆ ಅಂತ ಗೊತ್ತಿಲ್ದೆ ಏನು, ನಾನು ಹುಟ್ಟಿದ್ದೇ ಅಲ್ಲಿ. ನಾನೇ ಅಳಿಸಿದ್ದು. ಚಿತ್ರ ಚೆನ್ನಾಗಿ ಕಾಣ್ಲಿ ಅಂತ."

"...ಬೇಡ ಸರ್, ಅಮ್ಮನಿಗೆ ಬೇರೆ ಜಾಗ ತೋರಿಸ್ಬೇಡಿ. ಆ ಅತಿಥಿಗೃಹ ಕಟ್ಟಲೇಬೇಡಿ. ಕಾಲೇಜಿಗೂ ನಾನೇ ಹೇಳ್ತೀನಿ, ಚಿತ್ರ ಸುಳ್ಳು ಅಂತ. ನೀವು ನೋಡಿದ ಖಾಲಿ ಗುಡ್ಡ ಎಲ್ಲೂ ಇಲ್ಲ... ಅಪ್ಪನಿಗೆ ಕೊಟ್ಟ ಮಾತು ನೆನಪಿದ್ರೆ... ಇಲ್ವಾ? ನೆನಪಿಲ್ವಾ ಸರ್?..."

"...ಸರ್, ಫೋನು ಸ್ಪೀಕರಲ್ಲಿದೆಯಾ? ಅಮ್ಮ ಅಲ್ಲೇ ಇದ್ದಾಳಾ?..."

"...ಅಮ್ಮಾ? ಎಷ್ಟು ಕೇಳಿಸ್ತು ನಿಂಗೆ?... ಎಲ್ಲಾನೂ?..."

"...ಏನಾದ್ರೂ ಅನ್ನಮ್ಮ. ಅಣ್ಣನ ಹಾಗೆ ಬೈಯಾದ್ರೂ ಬೈ... ಸಂಜೆ ಬಸ್ಸಿಗೆ ಹೊರಟು ಬರ್ತೀನಿ, ಬರಲಾ?... ಅಮ್ಮಾ, ಬರಬಹುದಾ ಮನೆಗೆ?... ಹಲೋ?... ಹಲೋ..."